ಮ್ಯಾನರಿಸಂ ಎಂದು ಯಾವುದನ್ನು ಕರೆಯಬೇಕು? ಪೋಂತೋರ್ಮೊ, ಜೆಸುವಾಲ್ಡೊ ಮತ್ತು ಆಮೇಲಿನ ಸಿನಿಮಾ

ಭಿತ್ತಿಚಿತ್ರ:

ಉದ್ದನೆಯ ಕತ್ತು, ತಿರುಚಿದ ಸೊಂಟ, ಅಗತ್ಯಕ್ಕಿಂತ ಹೆಚ್ಚಿನ ಅಲಂಕಾರ ಎಲ್ಲಿ ಕಂಡರೂ ಅದನ್ನು ಮ್ಯಾನರಿಸಂ ಎಂದು ಕರೆಯುವ ರೂಢಿ ಬೆಳೆಯುತ್ತಿದೆ. ಫ್ಯಾಷನ್ ಛಾಯಾಚಿತ್ರಗಳಿಗೂ ವಿಡಿಯೊ ಗೇಮ್‌ಗಳಿಗೂ ಈ ಹೆಸರು ಅಂಟಿಕೊಳ್ಳುತ್ತಿರುವುದನ್ನು ಕಂಡು, ಆ ಶೈಲಿ ಹುಟ್ಟಿದ ಹದಿನಾರನೆಯ ಶತಮಾನದ ಇಟಲಿಯ ಕಲೆಗೇ ಹೋಗಿ ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದೆಂದು ಈ ಎಳೆಯನ್ನು ಆರಂಭಿಸುತ್ತಿದ್ದೇನೆ.

ನನ್ನ ವಾದ ಹೀಗಿದೆ. ಮ್ಯಾನರಿಸಂ ಹುಟ್ಟಬೇಕಾದರೆ ಅದಕ್ಕೂ ಮೊದಲು ಒಂದು ಕಲೆ ತನ್ನ ಸಿದ್ಧಿಯನ್ನು ಮುಟ್ಟಿರಬೇಕು. ಆ ಸಿದ್ಧಿ ಏನೆಂಬುದು ಕಲಾವಿದನಿಗೂ ಅವನ ನೋಡುಗನಿಗೂ ಚೆನ್ನಾಗಿ ಗೊತ್ತಿರಬೇಕು. ಆಮೇಲೆ ಕಲಾವಿದ ಹೊರಗಿನ ಪ್ರಕೃತಿಯ ಬದಲು ಆ ಸಿದ್ಧಿಯನ್ನೇ ತನ್ನ ವಸ್ತುವಾಗಿ ಎತ್ತಿಕೊಳ್ಳಬೇಕು. ಈ ಮೂರೂ ಕೂಡಿದಾಗ ಮಾತ್ರ ಉದ್ದ ಕತ್ತಿಗೂ ತಿರುಚಿದ ಸೊಂಟಕ್ಕೂ ಅರ್ಥ ಬರುತ್ತದೆ. ಇಲ್ಲವಾದರೆ ಅದು ಬರೀ ಅತಿರೇಕ.

ರಾಫೆಲ್ 1507ರಲ್ಲಿ ಚಿತ್ರಿಸಿದ, ಈಗ ರೋಮ್‌ನ ಬೊರ್ಗೇಸೆ ಸಂಗ್ರಹದಲ್ಲಿರುವ ಚಿತ್ರವೊಂದರಲ್ಲಿ ಕ್ರಿಸ್ತನ ದೇಹವನ್ನು ಸಮಾಧಿಗೆ ಒಯ್ಯುತ್ತಿದ್ದಾರೆ. ಹೊತ್ತವರ ಬೆನ್ನು ಹಿಂದಕ್ಕೆ ಬಾಗಿದೆ, ಪಾದಗಳು ನೆಲವನ್ನು ಒತ್ತಿ ನಿಂತಿವೆ, ಹೆಣದ ಭಾರ ಎಷ್ಟೆಂಬುದು ನೋಡುವವರ ತೋಳಿಗೇ ತಿಳಿಯುವಂತಿದೆ. ಇದಾಗಿ ಸುಮಾರು ಎರಡು ದಶಕದ ನಂತರ, 1525ರಿಂದ 1528ರ ನಡುವೆ, ಯಾಕೊಪೊ ಪೋಂತೋರ್ಮೊ ಫ್ಲಾರೆನ್ಸಿನ ಸಾಂತಾ ಫೆಲಿಚಿತಾ ಚರ್ಚಿನ ಕಪ್ಪೋನಿ ಪೂಜಾಗೃಹದಲ್ಲಿ ಹೆಚ್ಚುಕಡಿಮೆ ಅದೇ ಪ್ರಸಂಗವನ್ನು ಚಿತ್ರಿಸಿದ. ಇಲ್ಲಿ ಶಿಲುಬೆಯಿಲ್ಲ, ಏಣಿಯಿಲ್ಲ, ಸಮಾಧಿಯಿಲ್ಲ; ನೆಲವೂ ಇದೆಯೋ ಇಲ್ಲವೋ ಎಂಬಷ್ಟು ಮಾತ್ರ ಇದೆ. ದೇಹವನ್ನು ಹೊತ್ತ ಯುವಕನೊಬ್ಬ ತುದಿಗಾಲಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾನೆ. ಆ ಭಂಗಿಯಲ್ಲಿ ಯಾರೂ ಏನನ್ನೂ ಹೊರಲಾರರು. ತಿಳಿಗುಲಾಬಿ, ತಿಳಿನೀಲಿ, ಎಳೆಹಸಿರು ಬಟ್ಟೆಗಳ ಗುಂಪೊಂದು ಬುಡವಿಲ್ಲದೆ ಮೇಲಕ್ಕೆ ತೇಲಿದೆ. ಪೋಂತೋರ್ಮೊ ಮೂರು ವರ್ಷ ಪೂಜಾಗೃಹವನ್ನು ಮುಚ್ಚಿಟ್ಟು ಯಾರಿಗೂ ತೋರಿಸದೆ ಕೆಲಸ ಮಾಡಿದನೆಂದೂ, ಬೆಳಕು ಎಲ್ಲಿ ಮುಗಿದು ನೆರಳು ಎಲ್ಲಿ ಆರಂಭವಾಗುತ್ತದೆ ಎಂಬುದೇ ಕಾಣದಷ್ಟು ಸಮನಾದ ಬಣ್ಣ ಬಳಿದನೆಂದೂ ಜಾರ್ಜೊ ವಸಾರಿ ತನ್ನ ಕಲಾವಿದರ ಚರಿತ್ರೆಯಲ್ಲಿ ಅಸಮಾಧಾನದಿಂದಲೇ ಬರೆದಿದ್ದಾನೆ.

ಪೋಂತೋರ್ಮೊನಿಗೆ ಭಾರವನ್ನು ಚಿತ್ರಿಸಲು ಬರುತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಭಾರದ ಚಿತ್ರಣವನ್ನು ರಾಫೆಲ್ ಪೂರೈಸಿಯಾಗಿತ್ತು. ಆ ಸಿದ್ಧಿಯನ್ನು ಕಂಡವರ ಎದುರಿಗೆ ಭಾರವನ್ನು ಕಳಚಿಹಾಕಿದಾಗ ಶೋಕಕ್ಕೆ ಹೊಸದೊಂದು ರೂಪ ಸಿಕ್ಕಿತು. ಇವರು ಹೊರುತ್ತಿರುವುದು ದೇಹವನ್ನೇ ಅಥವಾ ದುಃಖವನ್ನೇ ಎಂಬ ಪ್ರಶ್ನೆ ರಾಫೆಲ್‌ನ ಚಿತ್ರದ ಮುಂದೆ ಏಳುವುದಿಲ್ಲ, ಇಲ್ಲಿ ಏಳುತ್ತದೆ.

ವಾಸ್ತುವಿನಲ್ಲಿಯೂ ಹೀಗೆಯೇ ಆಯಿತು. ರಾಫೆಲ್‌ನ ಮುಖ್ಯ ಶಿಷ್ಯ ಜೂಲಿಯೊ ರೊಮಾನೊ ಮಾಂತುವಾದ ಗೊಂಜಾಗಾ ದೊರೆಗಾಗಿ ಕಟ್ಟಿದ ಪಲಾತ್ಸೊ ತೆ ಅರಮನೆಯ ಅಂಗಳದಲ್ಲಿ, ಡೋರಿಕ್ ಕಂಬಸಾಲಿನ ಮೇಲಿನ ಪಟ್ಟಿಯ ಕೆಲವು ಕಲ್ಲುಗಳು ತಮ್ಮ ಜಾಗದಿಂದ ಕೆಳಕ್ಕೆ ಜಾರಿದಂತೆ ಕೂರಿಸಲ್ಪಟ್ಟಿವೆ. ರೋಮನ್ ವಾಸ್ತುವಿನ ನಿಯಮಗಳನ್ನು ಓದಿಕೊಂಡ ಅತಿಥಿಗೆ ಅದು ರೋಮಾಂಚನ. ಓದದವನ ಕಣ್ಣಿಗೆ ಬೀಳಲೂ ಇಲ್ಲವೇನೋ. ಒಂದೊಂದು ಕಲ್ಲೂ ಶಾಸ್ತ್ರಕ್ಕೆ ಸರಿಯಾಗಿದೆ, ಅದು ಕುಳಿತ ಜಾಗ ಮಾತ್ರ ಬೇರೆ.

ಈ ಅಳತೆಗೋಲು ಸಂಗೀತದಲ್ಲಿಯೂ ಸಿನಿಮಾದಲ್ಲಿಯೂ ನಿಲ್ಲುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.


ಮಲೆನಾಡಿಗ:

ಭಿತ್ತಿಚಿತ್ರ ಅವರೇ, ನಿಮ್ಮ ವಿವರಣೆ ಚೆನ್ನಾಗಿದೆ. ಆದರೆ ಇದು ಕಲೆಯನ್ನು ಕಲೆಯೊಳಗೇ ಕೂಡಿಹಾಕುತ್ತದೆ ಎಂಬುದು ನನ್ನ ಆಕ್ಷೇಪ. 1527ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸೈನಿಕರು ರೋಮ್ ನಗರವನ್ನು ಕೊಳ್ಳೆ ಹೊಡೆದರು. ಲೂಥರನಿಂದ ಕ್ರೈಸ್ತ ಜಗತ್ತು ಒಡೆದಿತ್ತು. ಫ್ಲಾರೆನ್ಸ್ ನಗರ 1529–30ರಲ್ಲಿ ಮುತ್ತಿಗೆಗೆ ಒಳಗಾಗಿ ತನ್ನ ಗಣರಾಜ್ಯವನ್ನು ಕಳೆದುಕೊಂಡಿತು. ಕಾಲ ಕೆಳಗಿನ ನೆಲವೇ ಸರಿದುಹೋದ ಕಾಲದಲ್ಲಿ ಚಿತ್ರದೊಳಗಿನ ನೆಲವೂ ಮಾಯವಾಯಿತೆಂದರೆ ಆಶ್ಚರ್ಯವೇನು? ವಿಯೆನ್ನಾದ ಕಲಾ ಇತಿಹಾಸಕಾರ ಮ್ಯಾಕ್ಸ್ ದ್ವೋರ್ಷಾಕ್ 1920ರಲ್ಲಿ ಚಿತ್ರಕಾರ ಎಲ್ ಗ್ರೆಕೊ ಕುರಿತು ಮಾಡಿದ ಪ್ರಸಿದ್ಧ ಉಪನ್ಯಾಸದಲ್ಲಿ ಮ್ಯಾನರಿಸಂ ಅನ್ನು ಆತ್ಮದ ಬಿಕ್ಕಟ್ಟಿನ ಅಭಿವ್ಯಕ್ತಿಯೆಂದೇ ಓದಿದ. ಆ ಓದಿನಲ್ಲಿ ಈಗಲೂ ಸತ್ಯವಿದೆ ಎಂದು ನನಗೆ ತೋರುತ್ತದೆ. ಬಲ್ಲವರ ಸಭೆಯ ಸೊಗಸು ಎಂದಷ್ಟೇ ಹೇಳಿದರೆ ಪೋಂತೋರ್ಮೊನ ಚಿತ್ರದಲ್ಲಿರುವ ಆ ದಿಗ್ಭ್ರಾಂತ ಕಣ್ಣುಗಳಿಗೆ ಅನ್ಯಾಯವಾಗುತ್ತದೆ.


ಭಿತ್ತಿಚಿತ್ರ:

ಆ ಕಣ್ಣುಗಳ ವಿಷಯದಲ್ಲಿ ನಿಮ್ಮ ಮಾತು ನಿಜ, ಮಲೆನಾಡಿಗ ಅವರೇ. ಆದರೆ ಇಸವಿಗಳನ್ನು ಜೋಡಿಸಿ ನೋಡಿ. ರೊಸ್ಸೊ ಫಿಯೊರೆಂತಿನೊ ವೊಲ್ತೆರಾ ಊರಿಗಾಗಿ ಚಿತ್ರಿಸಿದ, ಶಿಲುಬೆಯಿಂದ ಕ್ರಿಸ್ತನನ್ನು ಇಳಿಸುವ ಆ ಕೋನಾಕೃತಿಗಳ ವಿಚಿತ್ರ ಚಿತ್ರ 1521ರದು. ಪಲಾತ್ಸೊ ತೆ ಅರಮನೆಯ ಕೆಲಸ ಆರಂಭವಾದದ್ದು 1520ರ ದಶಕದ ನಡುವೆ. ಕಪ್ಪೋನಿ ಪೂಜಾಗೃಹದ ಕೆಲಸವೂ 1525ರಲ್ಲೇ ಮೊದಲಾಯಿತು. ಇವೆಲ್ಲ ರೋಮ್‌ನ ಕೊಳ್ಳೆಗಿಂತ ಹಿಂದಿನವು. ಕೊಳ್ಳೆಯು ಕಲಾವಿದರನ್ನು ಊರೂರಿಗೆ ಚದುರಿಸಿ ಈ ಶೈಲಿಯನ್ನು ಹರಡಿತೆಂಬುದು ಖಂಡಿತ. ರೊಸ್ಸೊ 1530ರಲ್ಲಿ ಫ್ರಾನ್ಸಿಗೆ ಹೋಗಿ ದೊರೆ ಒಂದನೆಯ ಫ್ರಾನ್ಸಿಸ್‌ನ ಫೊಂತೆನ್‌ಬ್ಲೋ ಅರಮನೆಯಲ್ಲಿ ಕೆಲಸ ಮಾಡಿದ್ದರಿಂದಲೇ ಆಲ್ಪ್ಸ್ ಪರ್ವತದ ಆಚೆಗೂ ಅದು ಬೇರುಬಿಟ್ಟಿತು. ಆದರೆ ಹರಡಿದ್ದು ಬೇರೆ, ಹುಟ್ಟಿದ್ದು ಬೇರೆ.

ದ್ವೋರ್ಷಾಕ್ ಮಾತನಾಡಿದ್ದು ಮೊದಲ ಮಹಾಯುದ್ಧ ಮುಗಿದು ಅವನ ಸಾಮ್ರಾಜ್ಯವೇ ಕುಸಿದುಬಿದ್ದ ವಿಯೆನ್ನಾದಲ್ಲಿ. ತನ್ನ ಕಾಲದ ನೋವಿನಿಂದ ಅವನು ಎಲ್ ಗ್ರೆಕೊನನ್ನು ಓದಿದ. ಆ ಓದಿನಿಂದಲೇ ಶತಮಾನಗಳ ತಿರಸ್ಕಾರದಿಂದ ಈ ಕಲೆ ಮೇಲೆದ್ದಿತೆಂಬುದಕ್ಕೆ ನಾವು ಕೃತಜ್ಞರಾಗಿರಬೇಕು. ಆದರೆ 1967ರಲ್ಲಿ ಇಂಗ್ಲೆಂಡಿನ ಜಾನ್ ಶಿಯರ್‌ಮನ್ ಇದಕ್ಕೆ ತೀರಾ ಎದುರಾದ ಚಿತ್ರವನ್ನು ಕೊಟ್ಟ. ಹದಿನಾರನೆಯ ಶತಮಾನದವರು ಈ ಕೃತಿಗಳಲ್ಲಿ ಕಂಡದ್ದು ಆತಂಕವಲ್ಲ, ನಯ, ನಾಜೂಕು ಮತ್ತು ಕಷ್ಟವಾದದ್ದನ್ನು ಸಲೀಸಾಗಿ ಮಾಡಿ ತೋರಿಸುವ ಜಾಣ್ಮೆ ಎಂದು ಅವನು ವಾದಿಸಿದ. 1528ರಲ್ಲಿ ಅಚ್ಚಾದ ಕಾಸ್ತಿಲ್ಯೋನೆಯ ಆಸ್ಥಾನಿಕರ ಕೈಪಿಡಿಯೂ ಇದೇ ಗುಣವನ್ನು ಸಂಭಾವಿತರ ಲಕ್ಷಣವೆಂದು ಹೊಗಳುತ್ತದೆ.

ಬಣ್ಣದ ವಿಷಯವೊಂದು ಇಲ್ಲಿ ಬಹಳ ಮುಖ್ಯ. ಪೋಂತೋರ್ಮೊನ ಗುಲಾಬಿ-ಹಸಿರುಗಳನ್ನು ಒಂದು ಕಾಲಕ್ಕೆ ಕಾಯಿಲೆಯ ಬಣ್ಣಗಳೆಂದೂ ಶಾಸ್ತ್ರೀಯತೆಯ ವಿರುದ್ಧದ ಬಂಡಾಯವೆಂದೂ ಬರೆಯುತ್ತಿದ್ದರು. 1980ರಿಂದ 1989ರವರೆಗೆ ಸಿಸ್ಟೀನ್ ಚಾಪೆಲ್‌ನ ಚಾವಣಿಯ ಮೇಲಿದ್ದ ಮಸಿ, ಅಂಟುಗಳನ್ನು ತೊಳೆದಾಗ ಮೈಕೆಲೆಂಜೆಲೊನ ನಿಜವಾದ ಬಣ್ಣಗಳು ಹೊರಬಂದವು. ಎರಡು ಬಣ್ಣದ ನೂಲಿನಿಂದ ನೇಯ್ದ ರೇಷ್ಮೆ ಸೀರೆಯ ಮಡಿಕೆ ತಿರುಗಿದಲ್ಲಿ ಹಸಿರು ಹೋಗಿ ನೇರಳೆ ಕಾಣುವ ಹಾಗೆ, ಅಲ್ಲಿನ ಪ್ರವಾದಿಗಳ ಉಡುಪಿನಲ್ಲಿ ನೆರಳಿಗೆ ಕಪ್ಪನ್ನು ಬಳಸದೆ ಇನ್ನೊಂದು ಬಣ್ಣವನ್ನೇ ಬಳಸಲಾಗಿದೆ. ಪೋಂತೋರ್ಮೊ ಬಂಡೆದ್ದಿರಲಿಲ್ಲ, ಹಿರಿಯನಿಂದ ಪಡೆದದ್ದನ್ನು ಇನ್ನೂ ಮುಂದಕ್ಕೆ ಒಯ್ದಿದ್ದ. ಬಿಕ್ಕಟ್ಟಿನ ವಾದಕ್ಕೆ ಈ ತೊಳೆತದಿಂದ ಬಿದ್ದ ಪೆಟ್ಟು ಸಣ್ಣದಲ್ಲ.

ಹಾಗೆಂದು ಶಿಯರ್‌ಮನ್‌ನ ಚಿತ್ರವೂ ನನಗೆ ಪೂರ್ತಿ ಸಾಲದು. ಬ್ರೊಂಜಿನೊ 1545ರಲ್ಲಿ ಚಿತ್ರಿಸಿದ ತೊಲೆದೊದ ಎಲೆಯನೋರಾಳ ಭಾವಚಿತ್ರಕ್ಕೆ ಅದು ಸರಿಹೊಂದುತ್ತದೆ. ಅಲ್ಲಿ ಜರತಾರಿ ಉಡುಪಿನ ಪ್ರತಿ ಎಳೆಯೂ ಮಾತನಾಡುತ್ತದೆ, ಮುಖ ಮಾತ್ರ ಮೌನವಾಗಿದೆ. ಅದೇ ಬ್ರೊಂಜಿನೊನ ಗುರುವಾದ ಪೋಂತೋರ್ಮೊನಿಗೆ ಅದು ಸಾಲುವುದಿಲ್ಲ. ಒಂದೇ ಭಾಷೆಯಲ್ಲಿ ಗುರು ಅಳಬಲ್ಲ, ಶಿಷ್ಯ ಅರಮನೆಯ ಶಿಷ್ಟಾಚಾರ ನಡೆಸಬಲ್ಲ. ಹಾಗಾಗಿಯೇ ನಾನು ಮ್ಯಾನರಿಸಂ ಅನ್ನು ಒಂದು ಭಾವವೆಂದು ಹೇಳದೆ, ಹಿಂದಿನ ಸಿದ್ಧಿಯೊಂದಿಗೆ ಕಲಾವಿದ ಇಟ್ಟುಕೊಂಡ ಸಂಬಂಧವೆಂದು ಹೇಳುತ್ತಿರುವುದು.


ಪಂಚಮ:

ಸಂಗೀತದ ಬಗ್ಗೆ ಕೇಳಿದ್ದೀರಿ. ಈ ಅಳತೆಗೋಲು ಅಲ್ಲಿ ಚಿತ್ರಕಲೆಗಿಂತಲೂ ಚೆನ್ನಾಗಿ ನಿಲ್ಲುತ್ತದೆ ಎಂದು ನಾನು ಹೇಳುತ್ತೇನೆ, ಯಾಕೆಂದರೆ ಸಂಗೀತದ ನಿಯಮಗಳು ಪುಸ್ತಕದಲ್ಲಿ ಬರೆದಿದ್ದವು. ವೆನಿಸ್ಸಿನ ಜೊಸೆಫೊ ಜಾರ್ಲಿನೊ 1558ರಲ್ಲಿ ಪ್ರಕಟಿಸಿದ ದೊಡ್ಡ ಶಾಸ್ತ್ರಗ್ರಂಥ ಬಹುಧ್ವನಿ ಸಂಗೀತದಲ್ಲಿ ಯಾವ ಸ್ವರ ಯಾವ ಸ್ವರದೊಂದಿಗೆ ಸೇರಬೇಕು, ಕರ್ಕಶ ಸ್ವರಮೇಳಕ್ಕೆ ಕಿವಿಯನ್ನು ಹೇಗೆ ಸಿದ್ಧಪಡಿಸಬೇಕು, ಅದು ಹೇಗೆ ಶಮನವಾಗಬೇಕು ಎಂಬುದನ್ನೆಲ್ಲ ಕಟ್ಟುನಿಟ್ಟಾಗಿ ಹೇಳಿತ್ತು. ಚಿತ್ರಕಲೆಗೆ ರಾಫೆಲ್ ಹೇಗೋ ಇಲ್ಲಿ ಜಾರ್ಲಿನೊನ ಶಾಸ್ತ್ರ ಹಾಗೆ.

ಆ ಕಾಲದ ಇಟಲಿಯ ಮ್ಯಾಡ್ರಿಗಲ್ ಎಂಬ ಪ್ರಕಾರವನ್ನು ಕೇಳದವರಿಗಾಗಿ ಎರಡು ಮಾತು: ವಾದ್ಯಗಳ ಹಂಗಿಲ್ಲದೆ, ಸಾಮಾನ್ಯವಾಗಿ ಐದು ಕಂಠಗಳು ಒಂದು ಚಿಕ್ಕ ಪದ್ಯವನ್ನು ಹಾಡುತ್ತವೆ. ಪ್ರತಿ ಕಂಠಕ್ಕೂ ತನ್ನದೇ ದಾರಿ ಇರುತ್ತದೆ. ಪಲ್ಲವಿಯಿಲ್ಲ, ಪದ್ಯದ ಪ್ರತಿ ಸಾಲಿಗೂ, ಕೆಲವೊಮ್ಮೆ ಪ್ರತಿ ಪದಕ್ಕೂ, ಹೊಸ ಸಂಗೀತ. ನಿಟ್ಟುಸಿರು ಎಂಬ ಪದ ಬಂದರೆ ಕಂಠ ತಟ್ಟನೆ ನಿಲ್ಲುತ್ತದೆ. ಕತ್ತಲೆ ಎಂದಾಗ ಬರಹದಲ್ಲಿ ಕಪ್ಪು ತುಂಬಿದ ಸ್ವರಚಿಹ್ನೆಗಳು ಬರುತ್ತವೆ. ಅದು ಕೇಳುಗನಿಗೆ ತಲುಪುವುದೇ ಇಲ್ಲ, ಹಾಳೆ ಹಿಡಿದು ಹಾಡುವವನಿಗೆ ಮಾತ್ರ ಕಾಣುತ್ತದೆ. ಹಿಂದಿನ ಸಿದ್ಧಿ ಕಲಾವಿದನಿಗೂ ನೋಡುಗನಿಗೂ ಗೊತ್ತಿರಬೇಕು ಎಂದು ನೀವು ಹೇಳಿದ ಮಾತಿಗೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಲೂಕಾ ಮರೆಂತ್ಸಿಯೊ 1599ರಲ್ಲಿ ಪೆತ್ರಾರ್ಕನ ಒಂದು ಸಾನೆಟ್ಟಿಗೆ ಸಂಗೀತ ಕಟ್ಟಿದ. ಒಂಟಿಯಾಗಿ, ಚಿಂತಾಕ್ರಾಂತನಾಗಿ, ಬರಿದಾದ ಬಯಲುಗಳನ್ನು ನಿಧಾನವಾಗಿ ಅಳೆಯುತ್ತ ನಡೆಯುವವನ ಪದ್ಯ ಅದು. ಮೇಲಿನ ಕಂಠ ಒಂದೊಂದು ದೀರ್ಘ ಸ್ವರಕ್ಕೂ ಅರ್ಧ ಮೆಟ್ಟಿಲಷ್ಟೇ ಏರುತ್ತ ಹೋಗುತ್ತದೆ. ಕೆಳಗಿನ ಕಂಠಗಳು ತಮ್ಮ ಪಾಡಿಗೆ ಎಲ್ಲೆಲ್ಲೋ ಅಲೆಯುತ್ತವೆ. ನಡಿಗೆಯೂ ಅಳತೆಯೂ ಒಂಟಿತನವೂ ಒಟ್ಟಿಗೆ ಕಿವಿಗೆ ಬೀಳುತ್ತವೆ. ಈ ಪ್ರಕಾರದಲ್ಲಿ ನಾನು ಕೇಳಿದ ಅತಿ ಸುಂದರವಾದ ಕೃತಿ ಇದು.

ಇನ್ನು ವೆನೋಸಾದ ರಾಜಕುಮಾರ ಕಾರ್ಲೊ ಜೆಸುವಾಲ್ಡೊ. 1611ರಲ್ಲಿ ಅಚ್ಚಾದ ಅವನ ಆರನೆಯ ಪುಸ್ತಕದಲ್ಲಿರುವ 'ಮೋರೊ, ಲಾಸ್ಸೊ' ಎಂಬ ಮ್ಯಾಡ್ರಿಗಲ್ ಅನ್ನು ಹೆಚ್ಚಿನವರು ಇಂಟರ್ನೆಟ್ಟಿನಲ್ಲಿ ಕೇಳಿರುತ್ತೀರಿ. ನಮ್ಮ ಕಿವಿಗೆ ಹೇಳುವುದಾದರೆ, ಷಡ್ಜ, ಗಾಂಧಾರ, ಪಂಚಮಗಳನ್ನು ಒಟ್ಟಿಗೆ ನುಡಿಸಿದಾಗ ಬರುವ ಮೇಳ ಪಾಶ್ಚಾತ್ಯ ಸಂಗೀತದಲ್ಲಿ ಅತ್ಯಂತ ಸಾಮಾನ್ಯವಾದ ಇಟ್ಟಿಗೆ. ಜೆಸುವಾಲ್ಡೊ ಬಳಸುವುದೂ ಹೆಚ್ಚಾಗಿ ಅವೇ ಇಟ್ಟಿಗೆಗಳನ್ನು. ಆದರೆ ಮೊದಲ ಮೇಳ ಸಿ ಶಾರ್ಪ್ ಮೇಜರ್, ಅದರ ಬೆನ್ನಿಗೇ ಎ ಮೈನರ್. ಈ ಎರಡರ ನಡುವೆ ಒಂದೇ ಒಂದು ಸ್ವರವೂ ಸಮಾನವಾಗಿಲ್ಲ. ಕೇಳುಗನಿಗೆ ಹಿಡಿದುಕೊಳ್ಳಲು ಏನೂ ಇಲ್ಲದೆ ಮನೆಯೇ ಬದಲಾಗಿಬಿಡುತ್ತದೆ. ಭಿತ್ತಿಚಿತ್ರ ಅವರು ಪಲಾತ್ಸೊ ತೆ ಬಗ್ಗೆ ಹೇಳಿದ್ದು ಇಲ್ಲಿಗೆ ಅಕ್ಷರಶಃ ಹೊಂದುತ್ತದೆ: ಒಂದೊಂದು ಕಲ್ಲೂ ಶಾಸ್ತ್ರಕ್ಕೆ ಸರಿ, ಕುಳಿತ ಜಾಗ ಬೇರೆ. ಪದ್ಯವು ದುಃಖದಿಂದ ಸಾಯುತ್ತಿದ್ದೇನೆ ಎಂದು ಆರಂಭವಾಗಿ, ನನಗೆ ಜೀವ ಕೊಡಬಲ್ಲವಳು ಎಂಬಲ್ಲಿಗೆ ಬಂದ ಕೂಡಲೇ ಸಂಗೀತ ಹಳೆಯ, ನಿರ್ಮಲವಾದ, ಚುರುಕಾದ ಮ್ಯಾಡ್ರಿಗಲ್ ಆಗಿಬಿಡುತ್ತದೆ. ಆ ನಾಲ್ಕಾರು ಕ್ಷಣದ ಶಾಸ್ತ್ರಶುದ್ಧತೆ ಇಲ್ಲದಿದ್ದರೆ ಸುತ್ತಲಿನ ಕತ್ತಲೆಗೆ ಅಷ್ಟು ಬಲ ಬರುತ್ತಿರಲಿಲ್ಲ.


ಸಂಜೆಓದು:

ಪಂಚಮ ಅವರೇ, ಜೆಸುವಾಲ್ಡೊ ತನ್ನ ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಕೊಂದವನಲ್ಲವೇ? ಅವನ ಸಂಗೀತದ ವಿಕಾರಕ್ಕೆ ಆ ಪಾಪಪ್ರಜ್ಞೆಯೇ ಕಾರಣವೆಂದು ಓದಿದ್ದೇನೆ. ವೆರ್ನರ್ ಹೆರ್ಜೋಗ್ ಅವನ ಕುರಿತು 1995ರಲ್ಲಿ ಮಾಡಿದ ಚಿತ್ರವನ್ನು ನೋಡಿದ ಮೇಲೆ ಆ ಸಂಗೀತವನ್ನು ಬೇರೆ ರೀತಿಯಲ್ಲಿ ಕೇಳಲು ನನಗೆ ಆಗುತ್ತಲೇ ಇಲ್ಲ.


ಪಂಚಮ:

ಕೊಲೆ ನಡೆದದ್ದು ನಿಜ. ಅದು 1590ರಲ್ಲಿ, ನೇಪಲ್ಸ್‌ನಲ್ಲಿ. ನೀವು ಹೇಳುವ ಮ್ಯಾಡ್ರಿಗಲ್‌ಗಳು ಅಚ್ಚಾದದ್ದು ಅದಾಗಿ ಎರಡು ದಶಕಗಳ ನಂತರ. ನಡುವೆ ನಡೆದ ಸಂಗತಿಯೊಂದನ್ನು ಈ ಕಥೆ ಮರೆಸಿಬಿಡುತ್ತದೆ, ಅದೇ ನನಗೆ ಬೇಸರ. 1594ರಲ್ಲಿ ಅವನು ಎಸ್ತೆ ಮನೆತನದ ಲೆಯೊನೋರಾಳನ್ನು ಮದುವೆಯಾಗಿ ಫೆರಾರಾ ನಗರಕ್ಕೆ ಹೋದ. ಆಗ ಯುರೋಪಿನಲ್ಲೇ ಅತಿ ಸೂಕ್ಷ್ಮವಾದ ಸಂಗೀತ ಇದ್ದ ಆಸ್ಥಾನ ಅದು. ದೊರೆ ಎರಡನೆಯ ಅಲ್ಫೊನ್ಸೊ ಸಾಕಿದ್ದ ಗಾಯಕಿಯರ ಮೇಳ ಆಯ್ದ ಕೆಲವೇ ಅತಿಥಿಗಳ ಮುಂದೆ ಹಾಡುತ್ತಿತ್ತು. ನಿಕೋಲಾ ವಿಚೆಂತಿನೊ ಎಂಬ ಪಂಡಿತ ಒಂದು ಸಪ್ತಕವನ್ನು 31 ಭಾಗಗಳಾಗಿ ಒಡೆದು, ಅವನ್ನು ನುಡಿಸಲು ಎರಡು ಕೀಲಿಮಣೆಗಳ ವಾದ್ಯವನ್ನು ಕಲ್ಪಿಸಿ, 1555ರಲ್ಲಿ ಅದರ ಬಗ್ಗೆ ಗ್ರಂಥವನ್ನೇ ಪ್ರಕಟಿಸಿದ್ದ. ಅಂಥ ವಾದ್ಯವನ್ನು ಫೆರಾರಾದಲ್ಲಿ ಲುತ್ಸಾಸ್ಕೊ ಲುತ್ಸಾಸ್ಕಿ ನುಡಿಸಬಲ್ಲವನಾಗಿದ್ದ. ನಮ್ಮಲ್ಲಿ ಶ್ರುತಿಗಳ ಲೆಕ್ಕದ ಬಗ್ಗೆ ಓದಿದವರಿಗೆ ಈ ಆಸಕ್ತಿ ಅಪರಿಚಿತವಲ್ಲ.

ಹೀಗೆ ಜೆಸುವಾಲ್ಡೊ ಕಲಿತದ್ದು ಒಂದು ಜೀವಂತ ಪರಂಪರೆಯಲ್ಲಿ. ಅವನ ಮೇಳಗಳನ್ನು ಪಾಪಪ್ರಜ್ಞೆಯ ನರಳಾಟವೆಂದು ಕೇಳಿದರೆ ಅವನ ಕಸುಬಿಗೆ ಕುರುಡಾಗುತ್ತೇವೆ. ಕೊಲೆಯಾದ ಮಾರಿಯಾ ದವಾಲೋಸ್ ಎಂಬ ಹೆಣ್ಣನ್ನು ಅವನ ಸಂಗೀತದ ಒಂದು ಟಿಪ್ಪಣಿಯನ್ನಾಗಿ ಮಾಡುವುದೂ ನನಗೆ ಸರಿಕಾಣುವುದಿಲ್ಲ.

ಇನ್ನೊಂದು ಮಾತು ಸೇರಿಸಬೇಕು. 1600ರಲ್ಲಿ ಜಾರ್ಲಿನೊನ ಶಿಷ್ಯ ಆರ್ತೂಸಿ, ಆಗ ಮಾಂತುವಾದಲ್ಲಿದ್ದ ಕ್ಲೌದಿಯೊ ಮೊಂತೆವೆರ್ದಿಯ ಇನ್ನೂ ಅಚ್ಚಾಗದ ಮ್ಯಾಡ್ರಿಗಲ್‌ಗಳಿಂದ ತುಣುಕುಗಳನ್ನು ಎತ್ತಿ, ಸಿದ್ಧತೆಯಿಲ್ಲದೆ ಬರುವ ಕರ್ಕಶ ಸ್ವರಗಳನ್ನು ಒಂದೊಂದಾಗಿ ಖಂಡಿಸಿದ. ಮೊಂತೆವೆರ್ದಿ 1605ರಲ್ಲಿ ತನ್ನ ಐದನೆಯ ಪುಸ್ತಕದ ಮುನ್ನುಡಿಯಲ್ಲಿ, ತಾನು ಮನಬಂದಂತೆ ಬರೆಯುವವನಲ್ಲ, ಹಳೆಯದರ ಪಕ್ಕದಲ್ಲಿ ಎರಡನೆಯದೊಂದು ಪದ್ಧತಿ ಇದೆ ಎಂದು ಉತ್ತರಿಸಿದ. ಎರಡು ವರ್ಷದ ನಂತರ ಅವನ ತಮ್ಮ ಅದನ್ನು ಬಿಡಿಸಿ ಹೇಳಿದ: ಅಲ್ಲಿ ಮಾತು ಒಡತಿ, ಸಂಗೀತ ಅವಳ ಸೇವೆಯಲ್ಲಿರುತ್ತದೆ. ನನ್ನ ದೃಷ್ಟಿಯಲ್ಲಿ ಮ್ಯಾನರಿಸಂ ಮುಗಿಯುವುದು ಇಲ್ಲಿಯೇ. ಜೆಸುವಾಲ್ಡೊ ಹಳೆಯ ಮನೆಯ ಕೊನೆಯ ಕೋಣೆಯಲ್ಲಿ ನಿಂತಿದ್ದ. ಮೊಂತೆವೆರ್ದಿ 1607ರಲ್ಲಿ ಮಾಂತುವಾದಲ್ಲಿ ಆರ್ಫಿಯಸ್‌ನ ಕಥೆಯನ್ನು ಒಪೆರಾ ಮಾಡುವ ಹೊತ್ತಿಗೆ ಹೊರಗೆ ಬಂದಾಗಿತ್ತು.


ಹಳಗನ್ನಡಪ್ರಿಯೆ:

ಈ ಎಳೆಯನ್ನು ಓದುತ್ತ ನನಗೆ ನಮ್ಮ ಚಂಪೂಕಾವ್ಯಗಳು ನೆನಪಾದವು. ಜರ್ಮನಿಯ ಎರ್ನ್ಸ್ಟ್ ರಾಬರ್ಟ್ ಕುರ್ಟಿಯುಸ್ 1948ರಲ್ಲಿ ಮ್ಯಾನರಿಸಂ ಎಂಬುದನ್ನು ಒಂದು ಶತಮಾನಕ್ಕೆ ಕಟ್ಟಿಹಾಕದೆ, ಯಾವ ಸಾಹಿತ್ಯದಲ್ಲಿಯೂ ಮರಳಿ ಮರಳಿ ಬರುವ ಪ್ರವೃತ್ತಿಯೆಂದು ವಿವರಿಸಿದ. ಹಾಗೆ ನೋಡಿದರೆ, ಪಂಪ-ರನ್ನರ ಸಿದ್ಧಿಯ ನಂತರ ಬಂದು, ವರ್ಣನೆಯ ಚಮತ್ಕಾರವನ್ನೇ ಕಾವ್ಯದ ಪ್ರಾಣವಾಗಿಸಿಕೊಂಡ ನೇಮಿಚಂದ್ರನ ಲೀಲಾವತಿಯನ್ನೋ, ಚಂಪುವಿನ ಕಾಲ ಬಹುಮಟ್ಟಿಗೆ ಮುಗಿದ ಮೇಲೆ ಹದಿನೇಳನೆಯ ಶತಮಾನದಲ್ಲಿ ಆ ಪ್ರೌಢಶೈಲಿಯನ್ನು ಮತ್ತೆ ಕೈಗೆತ್ತಿಕೊಂಡ ಷಡಕ್ಷರಿಯ ರಾಜಶೇಖರವಿಲಾಸವನ್ನೋ ಇಲ್ಲಿಗೆ ತರಬಹುದಲ್ಲವೇ? ಓದುಗನಿಗೆ ಹಿಂದಿನ ಕಾವ್ಯಗಳು ಬಾಯಿಪಾಠವಾಗಿದ್ದರೆ ಮಾತ್ರ ಅಲ್ಲಿನ ಎಷ್ಟೋ ಕಲ್ಪನೆಗಳು ಅರಳುತ್ತವೆ.


ಭಿತ್ತಿಚಿತ್ರ:

ಮೇಡಂ, ನೀವು ಹೇಳಿದ ಇಬ್ಬರೂ ಕವಿಗಳು ಹಿಂದಿನ ಸಿದ್ಧಿಯೊಂದಿಗೆ ಸಂಭಾಷಿಸುವವರೇ. ಆ ಅರ್ಥದಲ್ಲಿ ಹೋಲಿಕೆ ಅರ್ಥಪೂರ್ಣ. ಆದರೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಚಮತ್ಕಾರದ ಸ್ಥಾನವೇನು ಎಂಬುದರ ಬಗ್ಗೆ ತನ್ನದೇ ಆದ ದೀರ್ಘ ವಾಗ್ವಾದವಿದೆ; ಒಂಬತ್ತನೆಯ ಶತಮಾನದಲ್ಲಿಯೇ ಆನಂದವರ್ಧನ ಚಮತ್ಕಾರವೇ ಮುಖ್ಯವಾದ ಚಿತ್ರಕಾವ್ಯವನ್ನು ಸೂಚ್ಯಾರ್ಥವೇ ಪ್ರಾಣವಾದ ಧ್ವನಿಕಾವ್ಯಕ್ಕಿಂತ ಬಹಳ ಕೆಳಗೆ ಇರಿಸಿದ. ಷಡಕ್ಷರಿಯನ್ನು ಆ ವಾಗ್ವಾದದೊಳಗೆ ಇಟ್ಟು ಓದಿದಾಗ ಸಿಗುವಷ್ಟು ಬೆಳಕು ಫ್ಲಾರೆನ್ಸಿನಿಂದ ಎರವಲು ತಂದ ಹೆಸರಿನಿಂದ ಸಿಗಲಾರದು. ಕುರ್ಟಿಯುಸ್‌ನ ವಿಶಾಲವಾದ ಬಳಕೆಯ ಬಗ್ಗೆ ನನ್ನ ಹಿಂಜರಿಕೆಯೂ ಇದೇ: ಎಲ್ಲ ಕಾಲಕ್ಕೂ ಸಲ್ಲುವಂತೆ ಹಿಗ್ಗಿಸಿದಾಗ ಆ ಹೆಸರು ಯಾವುದನ್ನೂ ಹತ್ತಿರದಿಂದ ತೋರಿಸುವುದಿಲ್ಲ. ನೀವು ಇದರ ಮೇಲೆ ಪ್ರತ್ಯೇಕ ಎಳೆ ಆರಂಭಿಸಿದರೆ ನಾನು ತಪ್ಪದೆ ಓದುತ್ತೇನೆ.


ಬಿಳಿಪರದೆ:

ಸಿನಿಮಾದ ಬಗ್ಗೆ ಯಾರೂ ಬರೆಯದಿದ್ದರಿಂದ ನಾನು ಬರೆಯುತ್ತಿದ್ದೇನೆ. ಫ್ರಾನ್ಸಿನ 'ಕಾಯೆ ದ್ಯು ಸಿನೆಮಾ' ಪತ್ರಿಕೆಯ ವಿಮರ್ಶಕರು 1980ರ ದಶಕದ ನಡುವೆ ಈ ಹೆಸರನ್ನು ಸಿನಿಮಾಕ್ಕೆ ಗಂಭೀರವಾಗಿಯೇ ಬಳಸಿದರು. ಎಲ್ಲ ಚಿತ್ರಗಳೂ ಆಗಲೇ ತೆಗೆದಾಗಿವೆ, ನಾವು ತಡವಾಗಿ ಬಂದವರು ಎಂಬ ಅರಿವಿನಿಂದ ಕೆಲಸ ಮಾಡುವ ನಿರ್ದೇಶಕರು ಅವರ ಮನಸ್ಸಿನಲ್ಲಿದ್ದರು. ಬ್ರಯಾನ್ ಡಿ ಪಾಮ 1976ರಲ್ಲಿ ಮಾಡಿದ 'ಅಬ್ಸೆಷನ್' ಇದಕ್ಕೆ ಒಳ್ಳೆಯ ಉದಾಹರಣೆ. ಅದು ಹಿಚ್‌ಕಾಕ್‌ನ 1958ರ 'ವರ್ಟಿಗೋ' ಚಿತ್ರದ ನೆರಳಿನಲ್ಲೇ ನಡೆಯುತ್ತದೆ. ಸತ್ತ ಹೆಣ್ಣಿನ ಪ್ರತಿರೂಪವನ್ನು ಇನ್ನೊಬ್ಬಳಲ್ಲಿ ಹುಡುಕುವ ಗಂಡಿನ ಕಥೆಯನ್ನು ಹೇಳುತ್ತ, ಚಿತ್ರವೇ ಇನ್ನೊಂದು ಚಿತ್ರದ ಪ್ರತಿರೂಪವಾಗಲು ಹಂಬಲಿಸುತ್ತದೆ. ಎರಡಕ್ಕೂ ಸಂಗೀತ ಕೊಟ್ಟವನು ಬರ್ನಾರ್ಡ್ ಹರ್ಮನ್ ಒಬ್ಬನೇ ಎಂಬುದು ಈ ಹಂಬಲವನ್ನು ಇನ್ನಷ್ಟು ಗಾಢವಾಗಿಸುತ್ತದೆ.

ಆದರೆ ನನಗೆ ಹೆಚ್ಚು ಪ್ರಿಯವಾದದ್ದು ಸೆರ್ಜೊ ಲಿಯೋನೆ 1968ರಲ್ಲಿ ಮಾಡಿದ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ಚಿತ್ರದ ಆರಂಭ. ಮೂವರು ಬಂದೂಕುಧಾರಿಗಳು ರೈಲು ನಿಲ್ದಾಣದಲ್ಲಿ ಒಬ್ಬನಿಗಾಗಿ ಕಾಯುತ್ತಾರೆ. 1952ರ 'ಹೈ ನೂನ್' ಚಿತ್ರದಲ್ಲಿಯೂ ಮೂವರು ಹೀಗೆಯೇ ಕಾಯುತ್ತಾರೆ, ಆದರೆ ಅಲ್ಲಿ ಕಾಯುವಿಕೆ ಕಥೆಯ ಒಂದು ಕೊಂಡಿಯಷ್ಟೆ. ಲಿಯೋನೆ ಕಥೆಯನ್ನು ಬದಿಗಿಟ್ಟು ಕಾಯುವುದನ್ನೇ ಹಿಗ್ಗಿಸುತ್ತಾನೆ: ಗಾಳಿಯಂತ್ರದ ಕಿರುಗುಟ್ಟುವಿಕೆ, ಟೊಪ್ಪಿಗೆಯ ಮೇಲೆ ತೊಟ್ಟಿಕ್ಕುವ ನೀರು, ಗಲ್ಲದ ಮೇಲೆ ಹರಿದಾಡುವ ನೊಣ, ಪರದೆ ತುಂಬಿದ ಮುಖ. ಪೋಂತೋರ್ಮೊನ ಕಾಲದ ಚಿತ್ರಕಾರ ಪಾರ್ಮಿಜಾನಿನೊ ಮಾತೆ ಮರಿಯಳ ಕತ್ತನ್ನು ಎಳೆದಂತೆ ಲಿಯೋನೆ ಇಲ್ಲಿ ಕಾಲವನ್ನು ಎಳೆದಿದ್ದಾನೆ. ವೆಸ್ಟರ್ನ್ ಚಿತ್ರಗಳನ್ನು ನೋಡಿ ಬೆಳೆದವರಿಗೆ ಆ ಪ್ರತಿ ಕ್ಷಣವೂ ಪೂಜೆಯಂತೆ ಕಾಣುತ್ತದೆ. ಮೊದಲ ಬಾರಿಗೆ ನೋಡುವವರಿಗೆ ಇದೇಕೆ ಇಷ್ಟು ನಿಧಾನ ಅನಿಸಬಹುದು. ಭಿತ್ತಿಚಿತ್ರ ಅವರ ಮೂರು ಷರತ್ತುಗಳೂ ಇಲ್ಲಿ ಪೂರೈಸುತ್ತವೆ.

ಈ ಎಳೆಗೆ ನೇರವಾಗಿ ಸಂಬಂಧಿಸಿದ ಎರಡು ಕೃತಿಗಳಿವೆ. ಬೊಲೋನ್ಯಾದಲ್ಲಿ ಕಲಾ ಇತಿಹಾಸಕಾರ ರೊಬೆರ್ತೊ ಲೊಂಗಿಯ ವಿದ್ಯಾರ್ಥಿಯಾಗಿದ್ದ ಪಾಸೊಲೀನಿ 1963ರಲ್ಲಿ 'ಲಾ ರಿಕೊತ್ತಾ' ಎಂಬ ಕಿರುಚಿತ್ರವನ್ನು ಮಾಡಿದ. ಕ್ರಿಸ್ತನ ಮರಣದ ಕುರಿತು ಸಿನಿಮಾ ತೆಗೆಯುತ್ತಿರುವ ತಂಡದ ಕಥೆ ಅದು. ನಿರ್ದೇಶಕನ ಪಾತ್ರದಲ್ಲಿ ಆರ್ಸನ್ ವೆಲ್ಸ್ ಇದ್ದಾನೆ. ಬಹುಪಾಲು ಕಪ್ಪು-ಬಿಳುಪಿನ ಚಿತ್ರದ ನಡುವೆ ರೊಸ್ಸೊನ ವೊಲ್ತೆರಾ ಚಿತ್ರವನ್ನೂ ಪೋಂತೋರ್ಮೊನ ಸಾಂತಾ ಫೆಲಿಚಿತಾ ಚಿತ್ರವನ್ನೂ ಜೀವಂತ ನಟರಿಂದ, ಬಣ್ಣದಲ್ಲಿ, ಹಾಗೆ ಹಾಗೆಯೇ ನಿಲ್ಲಿಸಲಾಗಿದೆ. ಆದರೆ ನಟರು ನಿಲ್ಲಲಾರರು. ಅಲುಗುತ್ತಾರೆ, ನಗುತ್ತಾರೆ, ಜಾರಿ ಬೀಳುತ್ತಾರೆ. ಪೋಂತೋರ್ಮೊ ತೆಗೆದುಹಾಕಿದ್ದ ಭಾರವನ್ನು ಪಾಸೊಲೀನಿ ಬಡವರ ಮೈಗಳ ಮೂಲಕ ಮತ್ತೆ ಚಿತ್ರದೊಳಗೆ ತರುತ್ತಾನೆ, ಮತ್ತು ಕೊನೆಗೆ ಶಿಲುಬೆಯ ಮೇಲೆ ನಿಜವಾಗಿ ಸಾಯುವವನು ಹಸಿದು ಹಸಿದು ಒಮ್ಮೆಲೇ ಹೊಟ್ಟೆಬಿರಿಯ ತಿಂದ ಒಬ್ಬ ಬಡ ಸಹನಟ. ಮತನಿಂದೆಯ ಆರೋಪದ ಮೇಲೆ ಪಾಸೊಲೀನಿಗೆ ಶಿಕ್ಷೆ ವಿಧಿಸಲಾಯಿತು. ಚಿತ್ರ ನೋಡಿದ ಯಾರಿಗೂ ಅದರಲ್ಲಿರುವ ಭಕ್ತಿ ಕಾಣದೆ ಇರಲಾರದು.

ಇನ್ನೊಂದು, ಬಿಲ್ ವಿಯೋಲ 1995ರ ವೆನಿಸ್ ಬಿಯನಾಲೆಯಲ್ಲಿ ತೋರಿಸಿದ 'ದ ಗ್ರೀಟಿಂಗ್' ಎಂಬ ವಿಡಿಯೊ ಕೃತಿ. ಮಾತೆ ಮರಿಯಳೂ ಎಲಿಜಬೆತ್ತಳೂ ಭೇಟಿಯಾಗುವ, ಕಾರ್ಮಿನ್ಯಾನೊ ಊರಿನ ಚರ್ಚಿನಲ್ಲಿರುವ ಪೋಂತೋರ್ಮೊನ ಚಿತ್ರವೇ ಅದಕ್ಕೆ ಮೂಲ. ಮುಕ್ಕಾಲು ನಿಮಿಷದಷ್ಟು ಕಾಲದ ಒಂದು ಭೇಟಿಯನ್ನು ಹತ್ತು ನಿಮಿಷಕ್ಕೆ ನಿಧಾನಗೊಳಿಸಿದ್ದಾನೆ. ಬಟ್ಟೆಗಳು ಗಾಳಿಯಲ್ಲಿ ಉಬ್ಬುತ್ತವೆ, ಪಾದಗಳು ನೆಲಕ್ಕೆ ತಾಗಿದರೂ ತಾಗದಂತೆ ಕಾಣುತ್ತವೆ. ಪೋಂತೋರ್ಮೊ ಕುಂಚದಿಂದ ಪಡೆದ ತೇಲುವಿಕೆಯನ್ನು ವಿಯೋಲ ಕ್ಯಾಮೆರಾದ ವೇಗದಿಂದ ಪಡೆದ. ಒಂದೇ ಚಿತ್ರಕಾರನಿಂದ ಇಬ್ಬರು ಎರಡು ವಿರುದ್ಧ ದಿಕ್ಕುಗಳಲ್ಲಿ ನಡೆದರೆಂಬುದು ನನ್ನನ್ನು ಬಹಳ ಕಾಲ ಯೋಚನೆಗೆ ಹಚ್ಚಿದೆ.


ಮಲೆನಾಡಿಗ:

ಬಿಳಿಪರದೆ ಅವರಿಗೆ ಧನ್ಯವಾದ; ಪಾಸೊಲೀನಿಯ ಉದಾಹರಣೆ ನನ್ನ ಆಕ್ಷೇಪಕ್ಕೂ ಸ್ವಲ್ಪ ಜಾಗ ಕೊಟ್ಟಿತು. ಒಂದು ಕೊನೆಯ ಪ್ರಶ್ನೆ. ಈಗ ಫೋನಿನ ಕ್ಯಾಮೆರಾ ಹತ್ತಿರದ ಕೈಯನ್ನು ದೊಡ್ಡದಾಗಿಸುತ್ತದೆ, ಕೃತಕ ಬುದ್ಧಿಮತ್ತೆಯ ಚಿತ್ರಗಳಲ್ಲಿ ಬೆರಳುಗಳು ಉದ್ದವಾಗಿಯೋ ಹೆಚ್ಚಾಗಿಯೋ ಬರುತ್ತವೆ. ಇವನ್ನು ನಮ್ಮ ಕಾಲದ ಮ್ಯಾನರಿಸಂ ಎನ್ನುವವರಿದ್ದಾರೆ. ನಿಮ್ಮ ಅಭಿಪ್ರಾಯವೇನು?


ಭಿತ್ತಿಚಿತ್ರ:

ನಾನು ಒಪ್ಪುವುದಿಲ್ಲ, ಮತ್ತು ಪಾರ್ಮಿಜಾನಿನೊನೇ ಇದಕ್ಕೆ ಉತ್ತರ ಕೊಡುತ್ತಾನೆ. 1524ರ ಸುಮಾರಿಗೆ, ಇನ್ನೂ ಇಪ್ಪತ್ತೊಂದರ ಹರೆಯದಲ್ಲಿ, ಕ್ಷೌರದ ಅಂಗಡಿಗಳಲ್ಲಿ ಬಳಸುತ್ತಿದ್ದಂಥ ಉಬ್ಬು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ಅವನು ಸ್ವಂತ ಭಾವಚಿತ್ರ ಬರೆದ. ಅದೀಗ ವಿಯೆನ್ನಾದಲ್ಲಿದೆ. ಬಡಗಿಯಿಂದ ಮರದ ಗೋಳವೊಂದನ್ನು ಕಡೆಸಿ, ಅರ್ಧಕ್ಕೆ ಸೀಳಿಸಿ, ಆ ಉಬ್ಬಿನ ಮೇಲೆಯೇ ಚಿತ್ರಿಸಿದನೆಂದು ವಸಾರಿ ಹೇಳುತ್ತಾನೆ. ಕನ್ನಡಿಯ ಅಂಚಿಗೆ ಬಂದ ಕೈ ಮುಖಕ್ಕಿಂತ ದೊಡ್ಡದಾಗಿ ಮುಂದೆ ಚಾಚಿದೆ, ಕೋಣೆಯ ಕಿಟಕಿ ಬಿಲ್ಲಿನಂತೆ ಬಾಗಿದೆ, ನಡುವಿನ ಮುಖ ಮಾತ್ರ ಅಚ್ಚುಕಟ್ಟಾಗಿ ಉಳಿದಿದೆ. ಇದನ್ನು ಅವನು ರೋಮ್‌ಗೆ ಒಯ್ದು ಪೋಪ್ ಏಳನೆಯ ಕ್ಲೆಮೆಂಟ್‌ಗೆ ಒಪ್ಪಿಸಿದ. ಫೋನು ಮಾಡುವುದನ್ನೇ ಕನ್ನಡಿಯೂ ಮಾಡಿತ್ತು. ಆದರೆ ಆ ವಿಕಾರವನ್ನು ಆರಿಸಿ, ಅದಕ್ಕೆ ತಕ್ಕ ಮರವನ್ನು ಕಡೆಸಿ, ಪ್ರಕೃತಿಯನ್ನು ಹೀಗೂ ಅನುಕರಿಸಬಹುದೆಂದು ಬಲ್ಲವರ ಮುಂದೆ ಇಟ್ಟವನು ಅವನು.

ಉಫಿತ್ಸಿ ಸಂಗ್ರಹಾಲಯದಲ್ಲಿರುವ ಅವನ ಉದ್ದ ಕತ್ತಿನ ಮಾತೆಯ ಚಿತ್ರವೂ ಹೀಗೆಯೇ. 1534ರಲ್ಲಿ ಒಪ್ಪಿಕೊಂಡ ಆ ಚಿತ್ರಕ್ಕಾಗಿ ಅವನು ಮಾಡಿದ ಎಷ್ಟೋ ರೇಖಾಚಿತ್ರಗಳು ಉಳಿದಿವೆ; ಆಕೃತಿಯನ್ನು ಹಂತಹಂತವಾಗಿ ಎಳೆಯುತ್ತ, ಹಿಂದಕ್ಕೆ ತರುತ್ತ, ಮತ್ತೆ ಎಳೆಯುತ್ತ ಅವನು ನಿರ್ಧರಿಸಿದ್ದು ಅವುಗಳಲ್ಲಿ ಕಾಣುತ್ತದೆ. ಎಡಬದಿಯ ದೇವದೂತ ಹಿಡಿದ ನೀಳವಾದ ಹೂಜಿಯ ಆಕಾರವೇ ಮಾತೆಯ ಕತ್ತು-ಭುಜಗಳಲ್ಲಿ ಮರುಕಳಿಸುತ್ತದೆ, ಹೆಣ್ಣಿನ ಚೆಲುವನ್ನು ಹೂಜಿಗೆ ಹೋಲಿಸುವುದು ಆ ಕಾಲದ ಬರವಣಿಗೆಯಲ್ಲಿ ರೂಢಿಯಾಗಿತ್ತು. ಬಲಬದಿಯಲ್ಲಿ ಮೇಲೆ ಏನನ್ನೂ ಹೊರದ ಕಂಬ, ಅದರ ಬುಡದಲ್ಲಿ ಬೊಂಬೆಯಷ್ಟು ಚಿಕ್ಕ ಸಂತ ಜೆರೋಮ್. 1540ರಲ್ಲಿ ಮೂವತ್ತೇಳರ ವಯಸ್ಸಿನಲ್ಲಿ ಅವನು ತೀರಿಕೊಂಡದ್ದರಿಂದ ಆ ಭಾಗ ಅಪೂರ್ಣವಾಗಿಯೇ ಉಳಿಯಿತು. ವಿಧಿ ಅಡ್ಡ ಬಂದುದರಿಂದ ಮುಗಿಸಲಾಗಲಿಲ್ಲವೆಂಬ ಬರಹವೂ ಚಿತ್ರದ ಮೆಟ್ಟಿಲ ಮೇಲಿದೆ. ಹೆಚ್ಚುವರಿ ಬೆರಳನ್ನು ಬರೆಯುವ ಯಂತ್ರಕ್ಕೆ ಸರಿಯಾದ ಕೈ ಹೇಗಿರಬೇಕೆಂಬುದರ ಬಗ್ಗೆ ಇಂಥ ಯಾವ ನಿರ್ಧಾರವೂ ಇಲ್ಲ. ಅಂಥ ಚಿತ್ರಗಳನ್ನು ಕೈಗೆತ್ತಿಕೊಂಡು, ಅವುಗಳ ವಿಕಾರವನ್ನೇ ತಿಳಿದು ಬಳಸುವ ಕಲಾವಿದರು ಬಂದರೆ ಆಗ ಈ ಪ್ರಶ್ನೆಯನ್ನು ಮತ್ತೆ ಎತ್ತಬಹುದು.


ಸಂಜೆಓದು:

ನಾನು ಜರ್ಮನಿಯಲ್ಲಿದ್ದೇನೆ, ಬರುವ ರಜೆಯಲ್ಲಿ ಫ್ಲಾರೆನ್ಸಿಗೆ ಹೋಗುವ ಯೋಚನೆಯಿದೆ. ಇವುಗಳಲ್ಲಿ ಯಾವುದನ್ನು, ಯಾವ ಕ್ರಮದಲ್ಲಿ ನೋಡಬೇಕು?


ಭಿತ್ತಿಚಿತ್ರ:

ಮೊದಲು ಉಫಿತ್ಸಿಗೆ ಹೋಗಿ. ಅಲ್ಲಿ ರಾಫೆಲ್‌ನ ಗೋಲ್ಡ್‌ಫಿಂಚ್ ಹಕ್ಕಿಯ ಮಾತೆಯ ಚಿತ್ರದ ಮುಂದೆ ಸಾಕಷ್ಟು ಹೊತ್ತು ನಿಲ್ಲಿ. ಮೂರು ಆಕೃತಿಗಳು ಒಂದು ತ್ರಿಕೋನದಲ್ಲಿ ಹೇಗೆ ನೆಮ್ಮದಿಯಾಗಿ ಕುಳಿತಿವೆ ಎಂಬುದು ಕಣ್ಣಿಗೆ ಅಭ್ಯಾಸವಾಗಲಿ. ಆಮೇಲೆ ಮೈಕೆಲೆಂಜೆಲೊನ ದೋನಿ ತೊಂದೊ ಎಂಬ ದುಂಡು ಚಿತ್ರವನ್ನು ನೋಡಿ. ತಿರುಚಿದ ಭಂಗಿಯೂ ಮಿಂಚುವ ಬಣ್ಣವೂ ಎಲ್ಲಿಂದ ಬಂದವೆಂಬುದು ತಿಳಿಯುತ್ತದೆ. ಇವೆರಡೂ ಆದ ಮೇಲೆಯೇ ಪಾರ್ಮಿಜಾನಿನೊನ ಮಾತೆಯ ಬಳಿಗೆ ಹೋಗಿ. ಬಿಡುವಿದ್ದರೆ ಸಾನ್ ಲೊರೆಂತ್ಸೊ ಚರ್ಚಿಗೆ ಸೇರಿದ ಗ್ರಂಥಾಲಯದ ಮುಂಗೋಣೆಯಲ್ಲಿ ಮೈಕೆಲೆಂಜೆಲೊ ಗೋಡೆಯೊಳಗೆ ಹುದುಗಿಸಿಟ್ಟ ಜೋಡಿ ಕಂಬಗಳನ್ನೂ ನೋಡಬಹುದು. ಕೊನೆಗೆ ಪೊಂತೆ ವೆಕ್ಕಿಯೊ ಸೇತುವೆಯನ್ನು ದಾಟಿ, ನದಿಯ ದಕ್ಷಿಣಕ್ಕೆ ಕೆಲವೇ ಹೆಜ್ಜೆಗಳ ದೂರದಲ್ಲಿರುವ ಸಾಂತಾ ಫೆಲಿಚಿತಾಕ್ಕೆ ಹೋಗಿ; ಬಾಗಿಲಿನಿಂದ ಒಳಗೆ ಹೋದ ಕೂಡಲೇ ಬಲಕ್ಕೆ ಸಿಗುವುದೇ ಕಪ್ಪೋನಿ ಪೂಜಾಗೃಹ. ಚಿತ್ರ ಅದಕ್ಕಾಗಿಯೇ ಬರೆದ ಜಾಗದಲ್ಲಿ ಇಂದಿಗೂ ಇದೆ. ಚರ್ಚು ತೆರೆದಿರುವ ಸಮಯವನ್ನು ಮೊದಲೇ ವಿಚಾರಿಸಿಕೊಂಡು ಹೊರಡಿ.